ವ್ಯಸನದ ಚಿಕಿತ್ಸೆಗೆ ಕಾನೂನೇ ಅಡ್ಡ ನಿಲ್ಲುತ್ತದೆಯೇ?

ಪ್ರಶ್ನೆ: ಹೆರಾಯಿನ್‌ನಂಥ ಡ್ರಗ್ಸ್ ಚಟಕ್ಕೆ ಒಳ್ಳೆಯ ಔಷಧಿಗಳಿವೆ ಎಂದು ಓದಿದ್ದೇನೆ. ಹಾಗಿದ್ದರೂ ಹೆಚ್ಚಿನವರಿಗೆ ಚಿಕಿತ್ಸೆ ಸಿಗುತ್ತಿಲ್ಲವಂತೆ. ಇದಕ್ಕೆ ನಾಚಿಕೆ, ಹಿಂಜರಿಕೆ ಮಾತ್ರ ಕಾರಣವೇ, ಇಲ್ಲ ಕಾನೂನೂ ಅಡ್ಡ ಬರುತ್ತದೆಯೇ? ಡ್ರಗ್ಸ್ ಬಳಸುವುದು ಅಪರಾಧವೇ ಅಲ್ಲ ಎಂದು ಮಾಡಿಬಿಟ್ಟರೆ ಸರಿಹೋಗುತ್ತದೆಯೇ? ಚಿಕಿತ್ಸೆಗೆ ಹೋಗುವವರು ಈ ವಿಷಯದಲ್ಲಿ ಏನು ತಿಳಿದಿರಬೇಕು?

ಉತ್ತರ: ಕಾನೂನು ಅಡ್ಡ ಬರುತ್ತದೆ. ಜನ ಅಂದುಕೊಂಡಿರುವುದಕ್ಕಿಂತ ಜಾಸ್ತಿಯೇ ಬರುತ್ತದೆ. ಆದರೆ 'ಚಿಕಿತ್ಸೆ ಕೊಡಕೂಡದು' ಎಂದು ನೇರವಾಗಿ ಹೇಳುವ ಕಾನೂನುಗಳು ಕಡಿಮೆ. ಅಡ್ಡಿ ಇರುವುದು ಸಣ್ಣ ಅಕ್ಷರದ ನಿಯಮಗಳಲ್ಲಿ. ಔಷಧಿಯನ್ನು ಯಾರು ಬರೆಯಬಹುದು, ಎಲ್ಲಿ ಕೊಡಬಹುದು, ಎಷ್ಟು ದಿನದ್ದು ಮನೆಗೆ ಒಯ್ಯಬಹುದು, ರೋಗಿಯ ಹೆಸರು ಯಾರ ಕೈಗೆ ಹೋಗುತ್ತದೆ, ಖರ್ಚು ಯಾರು ಭರಿಸುತ್ತಾರೆ, ಇಂಥವುಗಳಲ್ಲಿ. ಯಾವ ನಿಯಮ ನೋಡಿದರೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ಇದರಿಂದಾಗಿ ಔಷಧಿ ಪಡೆಯುವುದು ಡ್ರಗ್ಸ್ ಪಡೆಯುವುದಕ್ಕಿಂತ ಕಷ್ಟವಾಗುತ್ತಿದೆಯಾ? ಹೌದು ಅಂತಾದರೆ ಆ ನಿಯಮದಿಂದ ಜನ ಸಾಯುತ್ತಿದ್ದಾರೆ ಎಂದೇ ಅರ್ಥ.

ಕೊರತೆ ಎಷ್ಟು ದೊಡ್ಡದು ಎಂದು ಮೊದಲು ಹೇಳಿಬಿಡುತ್ತೇನೆ. ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿ 2024ರಲ್ಲಿ ಹೊರತಂದ ವರದಿಯ ಪ್ರಕಾರ, 2022ರಲ್ಲಿ ಜಗತ್ತಿನಲ್ಲಿ ಸುಮಾರು 6.4 ಕೋಟಿ ಜನ ಡ್ರಗ್ಸ್ ವ್ಯಸನದ ಕಾಯಿಲೆಯಿಂದ ಬಳಲುತ್ತಿದ್ದರು. ಅವರಲ್ಲಿ ಚಿಕಿತ್ಸೆ ಸಿಕ್ಕಿದ್ದು 11 ಜನರಲ್ಲಿ ಒಬ್ಬರಿಗೆ. ಹೆಂಗಸರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ 18ಕ್ಕೆ ಒಬ್ಬರು. ಹೆಂಗಸರ ಪಾಲು ಇಷ್ಟು ಕಡಿಮೆ ಇರುವುದಕ್ಕೂ ಕಾನೂನಿಗೂ ನಂಟಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ನೀವು ಓದಿರುವ ಔಷಧಿಗಳು ಮುಖ್ಯವಾಗಿ ಎರಡು: ಮೆಥಡೋನ್ ಮತ್ತು ಬ್ಯುಪ್ರೆನಾರ್ಫಿನ್. ಇವೂ ಹೆರಾಯಿನ್ ಹಾಗೆಯೇ ಓಪಿಯಾಯ್ಡ್, ಅಂದರೆ ಅಫೀಮಿನಂತೆ ಕೆಲಸ ಮಾಡುವ ಔಷಧಿಗಳ ಗುಂಪಿನವು. ಆದರೆ ನಿಧಾನವಾಗಿ ಕೆಲಸ ಮಾಡುತ್ತವೆ, ಮೈಯಲ್ಲಿ ತುಂಬ ಹೊತ್ತು ಉಳಿಯುತ್ತವೆ. ಸರಿಯಾದ ಪ್ರಮಾಣದಲ್ಲಿ ದಿನಾ ತೆಗೆದುಕೊಳ್ಳುವವರಿಗೆ ನಶೆ ಏರುವುದಿಲ್ಲ. ಡ್ರಗ್ಸ್ ಬಿಟ್ಟಾಗ ಬರುವ ವಾಂತಿ, ಭೇದಿ, ಮೈಕೈ ನೋವು ಕಾಡುವುದಿಲ್ಲ. ಬೇಕೇ ಬೇಕು ಎನ್ನುವ ತಹತಹ ತಗ್ಗುತ್ತದೆ. ಕೆಲಸಕ್ಕೆ ಹೋಗಬಹುದು, ಮಕ್ಕಳನ್ನು ನೋಡಿಕೊಳ್ಳಬಹುದು. ಈ ಔಷಧಿ ಮುಂದುವರಿಸುವಷ್ಟು ಕಾಲ ಸಾವಿನ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಮ್ಮ ವೈದ್ಯಶಾಖೆಯಲ್ಲಿ ಇಷ್ಟು ಸ್ಪಷ್ಟವಾಗಿ ಜೀವ ಉಳಿಸುವ ಔಷಧಿಗಳು ಹೆಚ್ಚಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಎರಡನ್ನೂ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ.

'ಒಂದು ಚಟ ಬಿಡಿಸೋಕೆ ಇನ್ನೊಂದು ಚಟ ಹತ್ತಿಸಿದ ಹಾಗಲ್ವಾ?' ಎಂದು ಬಹಳ ಜನ ಕೇಳುತ್ತಾರೆ. ಮನೆಯವರು ಕೇಳಿದರೆ ಕೂತು ವಿವರಿಸಬಹುದು. ಆದರೆ ಈ ಮಾತು ನೂರು ವರ್ಷಗಳ ಹಿಂದೆಯೇ ಕಾನೂನಿನೊಳಗೆ ಹೊಕ್ಕುಬಿಟ್ಟಿದೆ. ಅಮೆರಿಕದಲ್ಲಿ 1914ರ ಹ್ಯಾರಿಸನ್ ಕಾಯ್ದೆ ಮೇಲ್ನೋಟಕ್ಕೆ ತೆರಿಗೆ ಮತ್ತು ನೋಂದಣಿಯ ಕಾಯ್ದೆ. ವೈದ್ಯರು ತಮ್ಮ ವೃತ್ತಿಯ ಭಾಗವಾಗಿ ಅಫೀಮು, ಮಾರ್ಫಿನ್ ಬರೆಯಲು ಅದರಲ್ಲಿ ಅವಕಾಶವಿತ್ತು. ಆದರೆ 1919ರ ವೆಬ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ವ್ಯಸನಿಗೆ ನೆಮ್ಮದಿಯಾಗಿರಲೆಂದು ಮಾರ್ಫಿನ್ ಮುಂದುವರಿಸಿ ಬರೆದುಕೊಡುವುದು ವೈದ್ಯರ ಚೀಟಿಯೇ ಅಲ್ಲ ಎಂದು ತೀರ್ಪು ಕೊಟ್ಟಿತು. ಆಗ ಹಲವು ನಗರಗಳಲ್ಲಿ ಇಂಥ ರೋಗಿಗಳಿಗಾಗಿ ತೆರೆದಿದ್ದ ಕ್ಲಿನಿಕ್‌ಗಳು ಕೆಲವೇ ವರ್ಷಗಳಲ್ಲಿ ಮುಚ್ಚಿದವು. ವೈದ್ಯರ ಮೇಲೆ ಕೇಸುಗಳು ಬಿದ್ದವು. ಸಾಮಾನ್ಯ ವೈದ್ಯರು ಈ ರೋಗಿಗಳಿಂದ ದೂರ ಸರಿದರು. ಆ ಹೆದರಿಕೆ ಒಂದು ತಲೆಮಾರಿನ ವೈದ್ಯರಿಂದ ಇನ್ನೊಂದಕ್ಕೆ ದಾಟಿತು. ನನ್ನ ಪ್ರಕಾರ ಇವತ್ತಿಗೂ ಪೂರ್ತಿ ಹೋಗಿಲ್ಲ.

1960ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್ ಎಂಬ ವೈದ್ಯರು ಹೆರಾಯಿನ್ ವ್ಯಸನಿಗಳಿಗೆ ದಿನಾ ಮೆಥಡೋನ್ ಕೊಟ್ಟು ನೋಡಿದರು. 1965ರಲ್ಲಿ ಫಲಿತಾಂಶ ಪ್ರಕಟಿಸಿದರು. ಚಿಕಿತ್ಸೆ ಫಲ ಕೊಡುತ್ತದೆ ಎಂದು ಕಂಡಾಗ ಸರ್ಕಾರ ಅನುಮತಿ ಕೊಟ್ಟಿತು. ಆದರೆ 1970ರ ದಶಕದಲ್ಲಿ ರೂಪುಗೊಂಡ ನಿಯಮಗಳು ಈ ಔಷಧಿಯನ್ನು ಉಳಿದ ವೈದ್ಯಕೀಯದಿಂದ ಬೇರೆ ಮಾಡಿ ಇಟ್ಟವು. ಮೆಥಡೋನ್ ಪರವಾನಗಿ ಇರುವ ವಿಶೇಷ ಕ್ಲಿನಿಕ್‌ನಲ್ಲಿ ಮಾತ್ರ ಸಿಗಬೇಕು. ಮೊದಲ ತಿಂಗಳುಗಳಲ್ಲಿ ಹೆಚ್ಚುಕಡಿಮೆ ಪ್ರತಿದಿನ ಅಲ್ಲಿಗೇ ಹೋಗಿ, ನರ್ಸ್ ಎದುರಿಗೇ ಕುಡಿಯಬೇಕಿತ್ತು. ಕ್ಲಿನಿಕ್ ಹತ್ತಿರವಿದ್ದರೆ ಸರಿ. ಎರಡು ಗಂಟೆಯ ದಾರಿಯಲ್ಲಿದ್ದರೆ? ಬೆಳಗಿನ ಪಾಳಿಯ ಕೆಲಸವಿದ್ದರೆ? ಮನೆಯಲ್ಲಿ ಪುಟ್ಟ ಮಗು ಇದ್ದರೆ? ಗುಣವಾಗಲು ಬೇಕಾದ್ದೇ ಕೆಲಸ ಮತ್ತು ಮನೆ. ಆ ಎರಡನ್ನೂ ಈ ನಿಯಮ ಕಿತ್ತುಕೊಳ್ಳುತ್ತಿತ್ತು. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಇದೇ ಮೆಥಡೋನ್ ಊರಿನ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಬೇಕಾದಾಗ ಫಾರ್ಮಸಿಸ್ಟ್ ಎದುರಿಗೆ ಕುಡಿಯುವ ವ್ಯವಸ್ಥೆಯೂ ಅಲ್ಲೇ ಇದೆ. ಔಷಧಿ ಒಂದೇ, ರೋಗ ಒಂದೇ. ಬೇರೆ ಇರುವುದು ನಿಯಮ ಮಾತ್ರ.

ಇಷ್ಟು ಬಿಗಿ ಯಾಕೆ ಎಂದರೆ, ಔಷಧಿ ಕೈ ಬದಲಾಗಿ ಬೇರೆಯವರಿಗೆ ಹೋದೀತು, ಹೆಚ್ಚು ಕುಡಿದು ಸತ್ತಾರು ಎಂಬ ಆತಂಕ. ಸುಳ್ಳು ಆತಂಕವಲ್ಲ. ಅಭ್ಯಾಸವಿಲ್ಲದವರಿಗೆ, ಅದರಲ್ಲೂ ಮಕ್ಕಳಿಗೆ, ಮೆಥಡೋನ್ ನಿಜಕ್ಕೂ ಅಪಾಯಕಾರಿ. ಆದರೆ ನಿಯಮ ಸಡಿಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಕೋವಿಡ್ ಕಾಲದಲ್ಲಿ ಸಿಕ್ಕಿತು. 2020ರ ಮಾರ್ಚ್‌ನಲ್ಲಿ ಜನ ಗುಂಪು ಸೇರಬಾರದೆಂದು ಅಮೆರಿಕ ಸರ್ಕಾರ, ಸ್ಥಿರವಾಗಿರುವ ರೋಗಿಗಳಿಗೆ 28 ದಿನದವರೆಗಿನ, ಉಳಿದವರಿಗೆ 14 ದಿನದವರೆಗಿನ ಔಷಧಿಯನ್ನು ಮನೆಗೇ ಕೊಡಲು ಬಿಟ್ಟಿತು. ಆ ವರ್ಷಗಳಲ್ಲಿ ಅಲ್ಲಿ ಓವರ್‌ಡೋಸ್ ಸಾವುಗಳು ಏರಿದವು ನಿಜ, ಅದು ಮುಖ್ಯವಾಗಿ ಹೆರಾಯಿನ್‌ಗಿಂತ ಎಷ್ಟೋ ಪಟ್ಟು ಬಲವಾದ ಓಪಿಯಾಯ್ಡ್ ಆದ ಫೆಂಟನಿಲ್‌ನಿಂದ. ಅವುಗಳಲ್ಲಿ ಮೆಥಡೋನ್ ಇದ್ದ ಸಾವುಗಳ ಪಾಲು ಏರಲಿಲ್ಲ. 2024ರಲ್ಲಿ ಈ ಸಡಿಲಿಕೆಯನ್ನು ಕಾಯಂ ಮಾಡಿದರು. ಚಿಕಿತ್ಸೆಗೆ ಸೇರಲು ಒಂದು ವರ್ಷದಿಂದ ವ್ಯಸನಿಯಾಗಿರಬೇಕು ಎಂಬ ಹಳೆಯ ಷರತ್ತನ್ನೂ ತೆಗೆದರು. ಆ ಷರತ್ತನ್ನು ಸ್ವಲ್ಪ ಯೋಚಿಸಿ ನೋಡಿ. ಕಾಯಿಲೆ ಹಳೆಯದಾಗುವ ತನಕ ಕಾಯಿರಿ ಎಂದು ಬೇರೆ ಯಾವ ರೋಗಿಗೆ ಹೇಳುತ್ತೇವೆ?

ಬ್ಯುಪ್ರೆನಾರ್ಫಿನ್ ಕಥೆ ಬೇರೆ, ಹೆದರಿಕೆ ಅದೇ. ಇದು ಮೆಥಡೋನ್‌ಗಿಂತ ಸುರಕ್ಷಿತ. ಒಂದು ಮಟ್ಟ ದಾಟಿದ ಮೇಲೆ ಎಷ್ಟು ತೆಗೆದುಕೊಂಡರೂ ಉಸಿರಾಟವನ್ನು ಇನ್ನಷ್ಟು ತಗ್ಗಿಸುವುದು ಕಡಿಮೆ. ಫ್ರಾನ್ಸ್ 1995ರಲ್ಲಿ, ವಿಶೇಷ ತರಬೇತಿ ಅಥವಾ ಪರವಾನಗಿ ಕೇಳದೆ, ಎಲ್ಲ ವೈದ್ಯರಿಗೂ ಇದನ್ನು ಬರೆಯಲು ಬಿಟ್ಟಿತು. ಮುಂದಿನ ನಾಲ್ಕು ವರ್ಷಗಳಲ್ಲಿ ಅಲ್ಲಿ ಓವರ್‌ಡೋಸ್ ಸಾವುಗಳು 79 ಶೇಕಡದಷ್ಟು ಇಳಿದವು. ಕೆಲವರು ಮಾತ್ರೆ ಮಾರಿಕೊಂಡರು, ಕೆಲವರು ಕರಗಿಸಿ ಚುಚ್ಚಿಕೊಂಡರು. ಆ ತೊಂದರೆಯನ್ನು ಮುಚ್ಚಿಡಬೇಕಿಲ್ಲ. ಅದನ್ನು ನಿಭಾಯಿಸುತ್ತಲೇ ಸಾವಿರಾರು ಜನರನ್ನು ಉಳಿಸಿಕೊಳ್ಳಬಹುದು ಎಂದು ಆ ದೇಶ ತೋರಿಸಿತು.

ಅಮೆರಿಕ 2000ನೇ ಇಸವಿಯ ಕಾಯ್ದೆಯಲ್ಲಿ ಬೇರೆ ದಾರಿ ಹಿಡಿಯಿತು. ವೈದ್ಯರು ಎಂಟು ಗಂಟೆ ತರಬೇತಿ ಪಡೆದು, ಅರ್ಜಿ ಹಾಕಿ, ವಿಶೇಷ ಅನುಮತಿ ತೆಗೆದುಕೊಳ್ಳಬೇಕು. ಅದಾದ ಮೇಲೂ ಮೊದಲಿಗೆ 30 ರೋಗಿಗಳಿಗೆ ಮಾತ್ರ. ಮುಂದೆ ಈ ಮಿತಿ 100ಕ್ಕೆ, 2016ರಲ್ಲಿ 275ಕ್ಕೆ ಏರಿತು. 31ನೇ ರೋಗಿ ಬಾಗಿಲಿಗೆ ಬಂದರೆ ವಾಪಸ್ ಕಳಿಸಬೇಕಿತ್ತು. ಅದೇ ವೈದ್ಯರು ನೋವಿಗೆಂದು ಆಕ್ಸಿಕೋಡೋನ್ ಮಾತ್ರೆಯನ್ನು ಎಷ್ಟು ಜನರಿಗೆ ಬೇಕಾದರೂ ಬರೆಯಬಹುದಿತ್ತು. ಚಟ ಹತ್ತಿಸಬಲ್ಲ ಮಾತ್ರೆಗೆ ಮಿತಿ ಇರಲಿಲ್ಲ, ಚಟದಿಂದ ಕಾಪಾಡುವ ಮಾತ್ರೆಗೆ ಇತ್ತು. ಇಷ್ಟು ವರ್ಷ ಕಳೆದರೂ ಇದನ್ನು ಬರೆಯುವಾಗ ಸಿಟ್ಟು ಬರುತ್ತದೆ. ಆ ಅನುಮತಿಯ ಪದ್ಧತಿ 2022ರ ಡಿಸೆಂಬರ್ ಕೊನೆಯಲ್ಲಿ ರದ್ದಾಯಿತು.

ರದ್ದಾದ ಮೇಲೆ ಔಷಧಿ ಬರೆಯುವ ವೈದ್ಯರ ಸಂಖ್ಯೆ ಹೆಚ್ಚಿತು. ಆದರೆ ಔಷಧಿ ಪಡೆಯುವ ರೋಗಿಗಳ ಸಂಖ್ಯೆ ಅದಕ್ಕೆ ತಕ್ಕಂತೆ ಏರಲಿಲ್ಲ. ಕಾಗದದ ಮೇಲಿನ ನಿಯಮ ಹೋದ ಮಾತ್ರಕ್ಕೆ ಎಲ್ಲ ಹೋಗುವುದಿಲ್ಲ. ಅಂಗಡಿಯವರು ಔಷಧಿ ಇಟ್ಟಿರಬೇಕು. ವಿಮೆಯವರು ತಕರಾರಿಲ್ಲದೆ ಹಣ ಕೊಡಬೇಕು. ವೈದ್ಯರ ಮನಸ್ಸಿನ ಹಿಂಜರಿಕೆ ಹೋಗಬೇಕು. ನಿಯಮ ಇದ್ದಷ್ಟು ಕಾಲ ಅದು ಇಡೀ ವೃತ್ತಿಗೆ ಒಂದು ಪಾಠ ಕಲಿಸಿತ್ತು: 'ಈ ರೋಗಿಗಳು ನಿನ್ನವರಲ್ಲ.' ಕಲಿತದ್ದನ್ನು ಮರೆಯಲು ಕಾಲ ಬೇಕು.

ಇದೆಲ್ಲ ವೈದ್ಯರ ಕಡೆಯ ಅಡ್ಡಿ. ರೋಗಿಯ ಕಡೆಯಿಂದ ನೋಡಿದರೆ ದೊಡ್ಡ ಅಡ್ಡಿ ಭಯ. 'ನಾನು ಡ್ರಗ್ಸ್ ತೆಗೆದುಕೊಳ್ಳುತ್ತೇನೆ' ಎಂದು ವೈದ್ಯರ ಮುಂದೆ ಹೇಳುವುದು ಅಪರಾಧ ಒಪ್ಪಿಕೊಂಡ ಹಾಗೆ ಆಗುವುದಾದರೆ ಯಾರು ಹೇಳುತ್ತಾರೆ? ಭಾರತದ ಕಾನೂನು ಇದನ್ನು ಅರ್ಧ ಅರ್ಥ ಮಾಡಿಕೊಂಡಿದೆ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಸೇವನೆಯೇ ಶಿಕ್ಷಾರ್ಹ. ಆದರೆ ಅದೇ ಕಾಯ್ದೆಯ 64ಎ ಸೆಕ್ಷನ್‌ನಲ್ಲಿ ರಕ್ಷಣೆಯೂ ಇದೆ. ಸೇವನೆಯ ಅಥವಾ ಸಣ್ಣ ಪ್ರಮಾಣದ ಡ್ರಗ್ಸ್ ಸಿಕ್ಕ ಪ್ರಕರಣ ಎದುರಿಸುತ್ತಿರುವ ವ್ಯಸನಿ, ತಾನಾಗಿ ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ವಿಚಾರಣೆ ನಡೆಸುವಂತಿಲ್ಲ. ಒಳ್ಳೆಯ ಸೆಕ್ಷನ್ ಇದು, ಇನ್ನೂ ಹೆಚ್ಚು ಜನರಿಗೆ ಗೊತ್ತಿರಬೇಕು. ಆದರೆ ಅದಕ್ಕೊಂದು ಬಾಲ ಇದೆ. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಆ ರಕ್ಷಣೆಯನ್ನು ಹಿಂದಕ್ಕೆ ಪಡೆಯಬಹುದು. ಈ ಕಾಯಿಲೆಯಲ್ಲಿ 'ಪೂರ್ತಿ' ಎಂದರೆ ಏನು? ಮತ್ತೆ ಮತ್ತೆ ಜಾರುವುದು ಇದರ ಲಕ್ಷಣ. ಚಿಕಿತ್ಸೆ ವರ್ಷಗಟ್ಟಲೆ ನಡೆಯಬಹುದು. ನಡುವೆ ಬಿಟ್ಟು ಹೋದವನು ವಾಪಸ್ ಬರಬೇಕು ಎನ್ನುವುದು ನಮ್ಮ ಆಸೆ. ಆದರೆ ಬಿಟ್ಟದ್ದಕ್ಕೆ ಶಿಕ್ಷೆ ಕಾದಿದೆ ಎಂದು ಗೊತ್ತಾದರೆ ಅವನು ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ.

ರಷ್ಯಾದಲ್ಲಿ ಅಡ್ಡಿ ಇನ್ನೂ ನೇರ. ವ್ಯಸನಕ್ಕೆ ಮೆಥಡೋನ್, ಬ್ಯುಪ್ರೆನಾರ್ಫಿನ್ ಎರಡೂ ಅಲ್ಲಿ ನಿಷಿದ್ಧ. ಸರ್ಕಾರಿ ಆಸ್ಪತ್ರೆಗೆ ಹೋದವರ ಹೆಸರು ರಿಜಿಸ್ಟರಿಗೆ ಸೇರುತ್ತದೆ. ಅದರಿಂದ ಡ್ರೈವಿಂಗ್ ಲೈಸೆನ್ಸ್ ಹೋಗಬಹುದು, ಕೆಲವು ಉದ್ಯೋಗಗಳೂ ತಪ್ಪಬಹುದು. 2014ರಲ್ಲಿ ಕ್ರೈಮಿಯಾವನ್ನು ರಷ್ಯಾ ವಶಪಡಿಸಿಕೊಂಡಾಗ, ಅಲ್ಲಿ ಉಕ್ರೇನಿನ ವ್ಯವಸ್ಥೆಯಲ್ಲಿ ಔಷಧಿ ಪಡೆಯುತ್ತಿದ್ದ ಸುಮಾರು 800 ರೋಗಿಗಳಿಗೆ ಕೆಲವೇ ವಾರಗಳಲ್ಲಿ ಅದು ನಿಂತುಹೋಯಿತು. ಅವರಲ್ಲಿ ಹಲವರು ಸತ್ತರು. ರೋಗಿಗಳು ಬದಲಾಗಿರಲಿಲ್ಲ, ವೈದ್ಯರೂ ಬದಲಾಗಿರಲಿಲ್ಲ. ಕಾನೂನು ಬದಲಾಗಿತ್ತು.

ಈಗ ಹೆಂಗಸರ ವಿಷಯ. ಮಕ್ಕಳನ್ನು ಕಿತ್ತುಕೊಳ್ಳುತ್ತಾರೆ ಎಂಬ ಭಯ ಜೈಲಿನ ಭಯಕ್ಕಿಂತ ದೊಡ್ಡದು. ಅಮೆರಿಕದ ಟೆನೆಸ್ಸಿ ರಾಜ್ಯ 2014ರಲ್ಲಿ ಒಂದು ಕಾನೂನು ತಂದಿತು. ಬಸುರಿಯಾಗಿದ್ದಾಗ ಅಕ್ರಮವಾಗಿ ಮಾದಕ ವಸ್ತು ಬಳಸಿ ಮಗುವಿಗೆ ತೊಂದರೆಯಾದರೆ ತಾಯಿಯ ಮೇಲೆ ಹಲ್ಲೆಯ ಕೇಸು ಹಾಕಬಹುದಿತ್ತು. ಚಿಕಿತ್ಸೆಗೆ ಸೇರಿದ್ದೆ ಎಂದು ತೋರಿಸಿ ಬಚಾವಾಗುವ ದಾರಿ ಆ ಕಾನೂನಿನಲ್ಲೇ ಇತ್ತು. ಆದರೆ ಬಸುರಿಯರನ್ನು ಸೇರಿಸಿಕೊಳ್ಳುವ ಕೇಂದ್ರಗಳೇ ಕಡಿಮೆ ಇದ್ದವು. ಹೆದರಿದ ಹೆಂಗಸರು ಡ್ರಗ್ಸ್ ಬಿಡುವ ಬದಲು ಆಸ್ಪತ್ರೆಗೆ ಬರುವುದನ್ನೇ ಬಿಟ್ಟರು. ಕಾನೂನು ಎರಡು ವರ್ಷಕ್ಕೆ ಕೊನೆಗೊಂಡಿತು, ಮುಂದುವರಿಸಲಿಲ್ಲ. ಓಪಿಯಾಯ್ಡ್ ವ್ಯಸನ ಇರುವ ಬಸುರಿಗೆ ದಿಢೀರನೆ ಬಿಡಿಸುವುದಕ್ಕಿಂತ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಕೊಡುವುದೇ ತಾಯಿಗೂ ಮಗುವಿಗೂ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಅದೇ. ಹಾಗಾಗಿ ಅವಳು ವೈದ್ಯರ ಹತ್ತಿರ ಬರುವಂತೆ ಮಾಡುವ ಯಾವ ನಿಯಮವೂ ಒಳ್ಳೆಯದು, ದೂರ ಓಡಿಸುವ ಯಾವ ನಿಯಮವೂ ಕೆಟ್ಟದ್ದು.

ಜೈಲಿನ ವಿಷಯದಲ್ಲಿ ಬೇಗ ಕೆಲಸ ಮಾಡಿದರೆ ಬೇಗ ಫಲ ಸಿಗುತ್ತದೆ. ಒಳಗಿದ್ದಾಗ ಡ್ರಗ್ಸ್ ತಡೆದುಕೊಳ್ಳುವ ಮೈಯ ಶಕ್ತಿ ಇಳಿದಿರುತ್ತದೆ. ಹೊರಗೆ ಬಂದು ಹಳೆಯ ಪ್ರಮಾಣ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಡುಗಡೆಯಾದ ಮೊದಲ ಎರಡು ವಾರ ಓವರ್‌ಡೋಸ್‌ನಿಂದ ಸಾಯುವ ಅಪಾಯ ಉಳಿದ ಜನರಿಗಿಂತ 129 ಪಟ್ಟು ಇತ್ತು. ಆದರೂ ಅನೇಕ ಕಡೆ ಜೈಲು ಸೇರಿದ ದಿನವೇ ಔಷಧಿ ನಿಲ್ಲಿಸುತ್ತಾರೆ. ರೋಡ್ ಐಲೆಂಡ್ ರಾಜ್ಯ 2016ರಲ್ಲಿ ತನ್ನ ಎಲ್ಲ ಜೈಲುಗಳಲ್ಲಿ ಔಷಧಿ ಕೊಡಲು ಶುರು ಮಾಡಿತು. ಇತ್ತೀಚೆಗೆ ಬಿಡುಗಡೆಯಾದವರಲ್ಲಿ 2016ರ ಮೊದಲ ಆರು ತಿಂಗಳಲ್ಲಿ 26 ಜನ ಓವರ್‌ಡೋಸ್‌ನಿಂದ ಸತ್ತಿದ್ದರು. ಮರುವರ್ಷ ಅದೇ ಆರು ತಿಂಗಳಲ್ಲಿ ಸತ್ತವರು 9 ಜನ. ಚಿಕ್ಕ ರಾಜ್ಯ, ಚಿಕ್ಕ ಅಂಕಿ. ಆದರೂ ಇದಕ್ಕಾಗಿ ಹೊಸ ಔಷಧಿಯನ್ನೇನೂ ಕಂಡುಹಿಡಿಯಬೇಕಾಗಿರಲಿಲ್ಲ ಎಂಬುದನ್ನು ಗಮನಿಸಿ.

ಹಣದ ನಿಯಮಗಳನ್ನು ಜನ ಕಾನೂನು ಎಂದು ನೋಡುವುದೇ ಇಲ್ಲ. 1947ರಲ್ಲಿ ಅಮೆರಿಕದಲ್ಲಿ ರೂಪಿಸಿದ ಒಂದು ಮಾದರಿ ವಿಮಾ ಕಾನೂನು, ನಶೆಯಲ್ಲಿದ್ದಾಗ ಆದ ಗಾಯಕ್ಕೆ ವಿಮೆಯವರು ಹಣ ಕೊಡಬೇಕಿಲ್ಲ ಎಂದಿತು. ಬಹಳ ರಾಜ್ಯಗಳು ಅದನ್ನು ಒಪ್ಪಿಕೊಂಡವು. ಪರಿಣಾಮ ಏನಾಯಿತು ಗೊತ್ತಾ? ಅಪಘಾತದ ಗಾಯಾಳು ಕುಡಿದಿದ್ದಾನೆಯೇ ಎಂದು ಪರೀಕ್ಷಿಸಲು ಎಮರ್ಜೆನ್ಸಿ ವೈದ್ಯರೇ ಹಿಂಜರಿದರು. ಬರೆದಿಟ್ಟರೆ ಬಿಲ್ ಪಾಸಾಗುವುದಿಲ್ಲ. ಕುಡಿತದ ಬಗ್ಗೆ ಮಾತಾಡಲು ಅತ್ಯಂತ ಒಳ್ಳೆಯ ಗಳಿಗೆ ಅದೇ, ಅದೇ ಕೈತಪ್ಪಿತು. ಭಾರತದಲ್ಲೂ ಒಂದು ಗೊಂದಲ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯೊಳಗೆ ಸೇರಿಸಿತು. ದೈಹಿಕ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಎಂದಿತು. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ, ಪಾಲಿಸಿಯಿಂದ ಹೊರಗಿಡಬಹುದಾದ ಚಿಕಿತ್ಸೆಗಳ ಪಟ್ಟಿಯಲ್ಲಿ ಮದ್ಯ ಮತ್ತು ಡ್ರಗ್ಸ್ ವ್ಯಸನದ ಚಿಕಿತ್ಸೆ ಇತ್ತು.

ಇನ್ನೆರಡು ಅಡ್ಡಿಗಳನ್ನು ಚುಟುಕಾಗಿ ಹೇಳುತ್ತೇನೆ. ಒಂದು ಜಾಗದ್ದು. 'ಕ್ಲಿನಿಕ್ ಬೇಕು, ನಮ್ಮ ಬೀದಿಯಲ್ಲಿ ಬೇಡ' ಎನ್ನುವುದು ಎಲ್ಲ ಕಡೆ ಕೇಳುವ ಮಾತು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಶಾಲೆ, ಚರ್ಚು, ಮನೆಗಳಿಂದ 500 ಅಡಿಯೊಳಗೆ ಮೆಥಡೋನ್ ಕ್ಲಿನಿಕ್‌ಗೆ ತಡೆ ಹಾಕಿದ್ದ ಕಾನೂನನ್ನು ಮೇಲ್ಮನವಿ ನ್ಯಾಯಾಲಯ 2007ರಲ್ಲಿ ತಳ್ಳಿಹಾಕಿತು. ಅದು ರೋಗಿಗಳಿಗೆ ಮಾಡುವ ತಾರತಮ್ಯ ಎಂದಿತು. ಇನ್ನೊಂದು, ಬಲವಂತದ ಕೇಂದ್ರಗಳು. ಚಿಕಿತ್ಸೆ ಎಂಬ ಹೆಸರಿನಲ್ಲಿ ಕೂಡಿಹಾಕುವ ಇಂಥ ಕೇಂದ್ರಗಳನ್ನು ಮುಚ್ಚಿ ಎಂದು ವಿಶ್ವಸಂಸ್ಥೆಯ 12 ಅಂಗಸಂಸ್ಥೆಗಳು 2012ರಲ್ಲಿ ಒಟ್ಟಾಗಿ ಹೇಳಿದವು. ಇವು ಒಳಗಿರುವವರಿಗೆ ಮಾತ್ರ ಕೇಡು ಮಾಡುವುದಿಲ್ಲ. ಹೊರಗಿರುವವರಿಗೆ 'ಚಿಕಿತ್ಸೆ' ಎಂಬ ಮಾತು ಕೇಳಿದರೇ ಮೈ ನಡುಗುವಂತೆ ಮಾಡುತ್ತವೆ.

ಅಪರಾಧವಲ್ಲ ಎಂದು ಮಾಡಿಬಿಟ್ಟರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಪೋರ್ಚುಗಲ್ 2001ರ ಜುಲೈಯಿಂದ, ಹತ್ತು ದಿನಕ್ಕೆ ಸಾಲುವಷ್ಟು ಡ್ರಗ್ಸ್ ಸ್ವಂತಕ್ಕೆ ಇಟ್ಟುಕೊಂಡರೆ ಕ್ರಿಮಿನಲ್ ಕೇಸು ಹಾಕುವುದನ್ನು ನಿಲ್ಲಿಸಿತು. ಸಿಕ್ಕಿಬಿದ್ದವರು ಕೋರ್ಟಿನ ಬದಲು ಕಾನೂನು, ಆರೋಗ್ಯ, ಸಮಾಜಸೇವೆ ಬಲ್ಲವರ ಸಮಿತಿಯ ಮುಂದೆ ಬರುತ್ತಾರೆ. ಅದರ ಜೊತೆಜೊತೆಗೇ ಮೆಥಡೋನ್ ಮತ್ತು ಚಿಕಿತ್ಸಾ ಕೇಂದ್ರಗಳನ್ನು ಆ ದೇಶ ವಿಸ್ತರಿಸಿತು. ಡ್ರಗ್ಸ್ ಚುಚ್ಚಿಕೊಳ್ಳುವವರಲ್ಲಿ ಹೊಸ ಎಚ್‌ಐವಿ ಸೋಂಕು ಬಹಳ ಇಳಿಯಿತು. ಅಮೆರಿಕದ ಒರೆಗಾನ್ ರಾಜ್ಯದಲ್ಲಿ 2020ರ ಮತದಾನದ ನಂತರ, 2021ರ ಫೆಬ್ರವರಿಯಲ್ಲಿ ಇಂಥದ್ದೇ ಕಾನೂನು ಬಂತು. ಸಿಕ್ಕಿಬಿದ್ದರೆ 100 ಡಾಲರ್ ದಂಡ, ಸಹಾಯವಾಣಿಗೆ ಫೋನ್ ಮಾಡಿದರೆ ಅದೂ ಮಾಫಿ. ಫೋನ್ ಮಾಡಿದವರು ತೀರಾ ಕಡಿಮೆ. ಚಿಕಿತ್ಸೆಗೆಂದು ಇಟ್ಟ ಹಣ ಕೇಂದ್ರಗಳಿಗೆ ತಲುಪುವುದು ತುಂಬಾ ತಡವಾಯಿತು. ಅದೇ ಹೊತ್ತಿಗೆ ಫೆಂಟನಿಲ್ ಹರಡಿತು. ಜನರ ತಾಳ್ಮೆ ಮುಗಿದು 2024ರ ಸೆಪ್ಟೆಂಬರ್‌ನಿಂದ ಮತ್ತೆ ಅಪರಾಧವಾಯಿತು. ನಾನು ಇದರಿಂದ ತಿಳಿದುಕೊಂಡದ್ದು ಇಷ್ಟು: ಶಿಕ್ಷೆ ತೆಗೆದರೆ ಭಯ ಹೋಗುತ್ತದೆ, ಆದರೆ ಭಯ ಬಿಟ್ಟು ಬಂದವನಿಗೆ ಅವತ್ತೇ ಔಷಧಿ ಕೊಡಲು ಯಾರಾದರೂ ಇರಬೇಕು. ಕ್ಲಿನಿಕ್ ಮೊದಲು ತೆರೆಯಲಿ, ಕಾನೂನು ಜೊತೆಗೆ ಬದಲಾಗಲಿ.

ಅಂದಹಾಗೆ, ಅಂತರರಾಷ್ಟ್ರೀಯ ಒಪ್ಪಂದಗಳು ಕೈ ಕಟ್ಟಿಹಾಕಿವೆ ಎಂದು ಕೆಲವು ಸರ್ಕಾರಗಳು ಹೇಳುವುದುಂಟು. ಅದು ಸರಿಯಲ್ಲ. 1961ರ ಮಾದಕ ವಸ್ತು ಒಪ್ಪಂದ, 1972ರ ತಿದ್ದುಪಡಿಯೊಂದಿಗೆ, ಶಿಕ್ಷೆಯ ಬದಲು ಚಿಕಿತ್ಸೆ ಕೊಡಲು ಸ್ಪಷ್ಟವಾಗಿ ಅವಕಾಶ ಕೊಟ್ಟಿದೆ.

ಕೊನೆಯದಾಗಿ, ಚಿಕಿತ್ಸೆಗೆ ಹೋಗುವವರ ವಿಷಯ. ಮೊದಲ ಭೇಟಿಯಲ್ಲೇ ನೇರವಾಗಿ ಕೇಳಿ. ನನ್ನ ದಾಖಲೆ ಯಾರು ನೋಡುತ್ತಾರೆ? ಪೊಲೀಸರಿಗೆ, ಕೆಲಸ ಕೊಟ್ಟವರಿಗೆ, ಲೈಸೆನ್ಸ್ ಕಚೇರಿಗೆ ಯಾವಾಗ ತಿಳಿಸಬೇಕಾಗುತ್ತದೆ? ಒಂದೆರಡು ದಿನ ತಪ್ಪಿದರೆ ಅಥವಾ ಮತ್ತೆ ಡ್ರಗ್ಸ್ ತೆಗೆದುಕೊಂಡರೆ ಹೊರಗೆ ಹಾಕುತ್ತೀರಾ? ಇಂಥ ಪ್ರಶ್ನೆಗೆ ಸಿಡುಕದೆ ಉತ್ತರ ಕೊಡುವ ಜಾಗವನ್ನು ನಂಬಬಹುದು. ಕೇಸು ನಡೆಯುತ್ತಿದ್ದರೆ, ಚಿಕಿತ್ಸೆಗೆ ಸೇರುವ ವಿಷಯವನ್ನು ವಕೀಲರಿಗೆ ಮೊದಲೇ ತಿಳಿಸಿ. ಸೇರಿದ ದಿನಾಂಕದ ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಪರವಾನಗಿ ಇಲ್ಲದ, ಮನೆಯವರನ್ನು ನೋಡಲು ಬಿಡದ ಕೇಂದ್ರಕ್ಕೆ ಯಾರನ್ನೂ ಸೇರಿಸಬೇಡಿ.

ಕೋರ್ಟ್, ಜೈಲು, ಹಾಸ್ಟೆಲ್, ಕೆಲಸದ ಜಾಗ, ಯಾರೇ ಹೇಳಿದರೂ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಅನ್ನು ಸುಮ್ನೆ ನಿಲ್ಲಿಸಬೇಡಿ. ಮೊದಲು ನಿಮ್ಮ ವೈದ್ಯರಿಗೆ ಹೇಳಿ, ಅವರಿಂದ ಪತ್ರ ಬರೆಸಿಕೊಳ್ಳಿ. ಯಾವುದೇ ಕಾರಣಕ್ಕೆ ಔಷಧಿ ನಿಂತುಹೋದರೆ, ಹಳೆಯ ಪ್ರಮಾಣದ ಡ್ರಗ್ಸ್ ಈಗ ಜೀವಕ್ಕೆ ಕುತ್ತು ಎಂದು ಆ ವ್ಯಕ್ತಿಗೂ ಮನೆಯವರಿಗೂ ತಿಳಿದಿರಲಿ. ಓವರ್‌ಡೋಸ್ ಆದಾಗ ಉಸಿರು ವಾಪಸ್ ತರುವ ನಲಾಕ್ಸೋನ್ ಎಂಬ ಔಷಧಿ ಇದೆ. ಸಿಗುವ ಕಡೆ ಮನೆಯಲ್ಲಿ ಇಟ್ಟುಕೊಳ್ಳಿ, ಬಳಸುವುದು ಹೇಗೆಂದು ಮನೆಯ ಎಲ್ಲ ದೊಡ್ಡವರೂ ಕಲಿತಿರಲಿ. ಅದನ್ನು ಕೊಟ್ಟ ಮೇಲೂ ಆಂಬುಲೆನ್ಸ್ ಕರೆಯಲೇಬೇಕು, ಯಾಕೆಂದರೆ ಅದರ ಪರಿಣಾಮ ಡ್ರಗ್ಸ್‌ಗಿಂತ ಬೇಗ ಇಳಿಯಬಹುದು.